ಕಳಿಸದ ಪತ್ರಗಳು, ಮತ್ತು ತಂಗಿಯ ನೋಟ್‌ಬುಕ್ಕು

ತುಂಬಾ ದಿನ ಆಗಿತ್ತು ಈ ಕಡೆ ತಲೆ ಹಾಕಿ. ಒಂದು ರಿಲೀಸು, ಅದು ಮುಗೀತು ಅನ್ನುವಷ್ಟರಲ್ಲಿ ಅದರದ್ದೇ ಹಾಟ್‌ಫಿಕ್ಸು, ನಡುವೆ ಊರಲ್ಲಿ ಚಿಕ್ಕಪ್ಪನ ಮನೆ ಗೃಹಪ್ರವೇಶ... ನೆಪಗಳಿಗೇನು ಬರ? ಈ ಸಲ ಕೂತಿರೋದು ಒಂದು ತಪ್ಪೊಪ್ಪಿಗೆಗೆ. ವಿಷಯ ಕೇಳಿ ನಗಬೇಡಿ. ಜೆನ್ನಿ ಹ್ಯಾನ್. ಅಮೆರಿಕದಲ್ಲಿ ಹದಿಹರೆಯದವರಿಗಾಗಿ ಪ್ರೇಮ ಕಾದಂಬರಿ ಬರೆಯುವ ಲೇಖಕಿ. ಹೌದು ಸ್ವಾಮಿ, ಭೈರಪ್ಪನವರ 'ಪರ್ವ'ದ ಬಗ್ಗೆ ಮೂರು ಕಂತು ಬರೆದು ನಿಮ್ಮ ತಾಳ್ಮೆ ಪರೀಕ್ಷಿಸಿದವನೇ ನಾನು :-)

ಶುರುವಾಗಿದ್ದು 2025ರ ಜುಲೈನಲ್ಲಿ. ನಾನು, ತಂಗಿ ಒಂದೇ ಮನೆಯಲ್ಲಿರೋದು. ಪ್ರತಿ ಬುಧವಾರ ಅವಳ ಮೂರು ಜನ ಗೆಳತಿಯರು ನಮ್ಮ ಮನೆಗೆ ಬಂದು, ನನ್ನ ದುಡ್ಡಿನ ಟೀವಿಯಲ್ಲಿ, ನನ್ನ ದುಡ್ಡಿನ ಪ್ರೈಮ್‌ನಲ್ಲಿ 'ದಿ ಸಮ್ಮರ್ ಐ ಟರ್ನ್ಡ್ ಪ್ರೆಟ್ಟಿ' ಅನ್ನೋ ಧಾರಾವಾಹಿ ನೋಡುತ್ತಿದ್ದರು. ನೋಡೋದಾದ್ರೂ ಸುಮ್ಮನೆ ನೋಡ್ತಾರಾ? ಇಬ್ಬರು ಕಾನ್ರಾಡ್ ಪಕ್ಷ, ಒಬ್ಬಳು ಜೆರೆಮಾಯಾ ಪಕ್ಷ, ಇನ್ನೊಬ್ಬಳು ತಟಸ್ಥ. ಅಣ್ಣ ತಮ್ಮ ಇಬ್ಬರೂ ಬೆಲ್ಲಿ ಅನ್ನೋ ಒಬ್ಬಳೇ ಹುಡುಗಿಯನ್ನ ಇಷ್ಟಪಡ್ತಾರೆ, ಅವಳಿಗೆ ಯಾರು ಅನ್ನೋದೇ ಪ್ರಶ್ನೆ. ಒಳಗಡೆ ರೂಮಲ್ಲಿ ನಾನು ಅಮೆರಿಕದ ಕ್ಲೈಂಟ್ ಜೊತೆ ಕಾಲ್‌ನಲ್ಲಿದ್ದರೆ ಹೊರಗಿಂದ "ಅಯ್ಯೋ ಬೇಡ ಕಣೇ ಹೋಗ್ಬೇಡ" ಅನ್ನೋ ಆರ್ತನಾದ. ಮ್ಯೂಟ್ ಒತ್ತಿ ಒತ್ತಿ ಕೀಲಿಯೇ ಸವೆದಿರಬೇಕು.

ಒಂದು ದಿನ ಊಟ ಮಾಡ್ತಾ "ಈ ಕಸ ಬರೆದೋರು ಯಾರೇ?" ಅಂದೆ. ತಂಗಿ ತಲೆಯೆತ್ತದೆ, "ನಿಂಗೆ ಎಲ್ಲಾ ಕಸಾನೇ. ನನ್ನ ಕತೇನೂ ಕಸಾನೇ ಆಗಿತ್ತಲ್ಲ" ಅಂದಳು. ಅಷ್ಟೇ. ತಟ್ಟೆ ಎತ್ತಿಕೊಂಡು ಹೋದಳು.

ಅವಳು ಹೇಳಿದ್ದು ಮೂರು ವರ್ಷದ ಹಿಂದಿನ ಮಾತು. ಆಗ ಪಿಯುಸಿ ಮುಗಿಸಿದ್ದಳು. ಉದ್ದ ನೋಟ್‌ಬುಕ್ಕಿನಲ್ಲಿ ನಲವತ್ತು ಪುಟ ಬರೆದು ನನ್ನ ಕೈಗೆ ಕೊಟ್ಟಿದ್ದಳು. ನಮ್ಮೂರಿನಂಥದೇ ಊರು, ಮಳೆಗಾಲ, ಕಾಲೇಜಿನ ಬಸ್ಸು ತಪ್ಪಿಸಿಕೊಳ್ಳುವ ಹುಡುಗಿ, ಅದೇ ಬಸ್ಸು ಹಿಡಿಯಲು ದಿನಾ ಬೇಗ ಬರುವ ಹುಡುಗ. ನಾನು ಓದಿ (ಪೂರ್ತಿ ಓದಲೂ ಇಲ್ಲ, ಅದು ಇನ್ನೊಂದು ಪಾಪ) "ಚೆನ್ನಾಗಿದೆ, ಆದ್ರೆ ಇದೆಲ್ಲ ಯಾಕೆ? ಏನಾದ್ರೂ ಸೀರಿಯಸ್ಸಾಗಿ ಬರಿ" ಅಂದಿದ್ದೆ. ಅವತ್ತಿಂದ ಆ ನೋಟ್‌ಬುಕ್ಕು ನನ್ನ ಕಣ್ಣಿಗೆ ಬಿದ್ದಿಲ್ಲ. ನಾನಂತೂ ಮರೆತೇಬಿಟ್ಟಿದ್ದೆ. ಅವಳು ಮರೆತಿರಲಿಲ್ಲ.

ಆ ರಾತ್ರಿ ಬಿಲ್ಡ್ ಓಡ್ತಾ ಇತ್ತು, ನಿದ್ದೆ ಇಲ್ಲ. ಈ ಜೆನ್ನಿ ಹ್ಯಾನ್ ಅಂದ್ರೆ ಯಾರಪ್ಪಾ ಅಂತ ಹುಡುಕೋಕೆ ಶುರು ಮಾಡಿದೆ. ಬೈಯೋಕಾದ್ರೂ ಸ್ವಲ್ಪ ವಿಷಯ ಬೇಕಲ್ಲ. ಎರಡು ವಾರದಲ್ಲಿ ಅವಳ ಆರು ಪುಸ್ತಕ ಓದಿದ್ದೆ, ಮೂರು ಸಿನಿಮಾ ನೋಡಿದ್ದೆ, ಬುಧವಾರ ಸೋಫಾದ ತುದಿಯಲ್ಲಿ ನನಗೂ ಒಂದು ಜಾಗ ಸಿಕ್ಕಿತ್ತು. ನನ್ನ ಪಕ್ಷ ಯಾವುದು ಅಂತ ಕೇಳಬೇಡಿ.

ಕತೆ ಹೀಗಿದೆ. ಜೆನ್ನಿ ಹ್ಯಾನ್ ಹುಟ್ಟಿದ್ದು 1980ರಲ್ಲಿ, ವರ್ಜೀನಿಯಾದ ರಿಚ್ಮಂಡ್‌ನಲ್ಲಿ, ಕೊರಿಯನ್ ಮೂಲದ ಕುಟುಂಬದಲ್ಲಿ. ಓದಿದ್ದು ಚಾಪೆಲ್ ಹಿಲ್‌ನ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ, ಆಮೇಲೆ ನ್ಯೂಯಾರ್ಕಿನ ನ್ಯೂ ಸ್ಕೂಲ್‌ನಲ್ಲಿ ಸೃಜನಶೀಲ ಬರವಣಿಗೆಯ ಸ್ನಾತಕೋತ್ತರ ಪದವಿ. ಮೊದಲ ಪುಸ್ತಕ 'ಶಗ್' ಬಂದಿದ್ದು 2006ರಲ್ಲಿ. ಅದನ್ನ ಬರೆಯೋಕೆ ಶುರು ಮಾಡಿದ್ದು ಕಾಲೇಜಿನಲ್ಲಿದ್ದಾಗಲೇ. ಹನ್ನೆರಡು ವರ್ಷದ ಹುಡುಗಿಯ ಕತೆ, ಇನ್ನೂ ಪೂರ್ತಿ ಪ್ರೇಮ ಕಾದಂಬರಿಯಲ್ಲ. ಆ ಕಾಲದಲ್ಲಿ ಮಕ್ಕಳ ಪುಸ್ತಕದಂಗಡಿಯಲ್ಲಿ, ಶಾಲೆಯ ಲೈಬ್ರರಿಯಲ್ಲಿ ಕೆಲಸ ಮಾಡಿದವಳು. ನನಗೆ ಈ ವಿವರ ತುಂಬಾ ಹಿಡಿಸಿತು. ಯಾವ ಹುಡುಗಿ ಯಾವ ಪುಸ್ತಕ ಎತ್ತಿಕೊಳ್ತಾಳೆ, ಯಾವುದನ್ನ ಎರಡೇ ದಿನದಲ್ಲಿ ವಾಪಸ್ ತರ್ತಾಳೆ, ಯಾವುದನ್ನ ಮತ್ತೆ ಮತ್ತೆ ಕೇಳ್ತಾಳೆ ಅನ್ನೋದನ್ನ ಕೌಂಟರಿನ ಆ ಕಡೆ ನಿಂತು ನೋಡಿದೋರಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತಿರತ್ತೆ? ನಾವು ಇದಕ್ಕೆ ಯೂಸರ್ ರಿಸರ್ಚ್ ಅಂತ ಹೆಸರಿಟ್ಟು ದೊಡ್ಡ ಸಂಬಳ ಕೊಡ್ತೀವಿ.

2009ರಲ್ಲಿ 'ದಿ ಸಮ್ಮರ್ ಐ ಟರ್ನ್ಡ್ ಪ್ರೆಟ್ಟಿ' ಬಂತು, 2010 ಮತ್ತು 2011ರಲ್ಲಿ ಅದರ ಎರಡನೇ, ಮೂರನೇ ಭಾಗ. ಆ ವರ್ಷಗಳನ್ನ ಸ್ವಲ್ಪ ನೆನಪು ಮಾಡಿಕೊಳ್ಳಿ. 'ಟ್ವೈಲೈಟ್'ನ ನಾಲ್ಕು ಪುಸ್ತಕಗಳು 2005ರಿಂದ 2008ರ ನಡುವೆ ಬಂದು ಜಗತ್ತನ್ನೇ ರಕ್ತಪಿಶಾಚಿಗಳಿಂದ ತುಂಬಿಬಿಟ್ಟಿದ್ದವು. 2008ರಲ್ಲಿ 'ಹಂಗರ್ ಗೇಮ್ಸ್' ಬಂದು ಮಕ್ಕಳು ಮಕ್ಕಳನ್ನೇ ಕೊಲ್ಲುವ ಆಟ ಶುರುವಾಗಿತ್ತು. ಹದಿಹರೆಯದವರ ಪುಸ್ತಕ ಅಂದರೆ ಒಂದೋ ಕೋರೆಹಲ್ಲು, ಇಲ್ಲಾ ಬಿಲ್ಲುಬಾಣ ಅನ್ನೋ ಕಾಲ. ಅಂಥ ಹೊತ್ತಿನಲ್ಲಿ ಈಕೆ ಬರೆದಿದ್ದೇನು? ಕಡಲ ದಂಡೆಯಲ್ಲೊಂದು ಮನೆ. ಎರಡು ಕುಟುಂಬ. ಪ್ರತಿ ಬೇಸಿಗೆ ರಜೆಗೆ ಅಲ್ಲಿಗೆ ಬರ್ತಾರೆ. ಚಿಕ್ಕಂದಿನಿಂದ ಜೊತೆಗೆ ಆಡಿದ ಹುಡುಗರು ಒಂದು ಬೇಸಿಗೆಯಲ್ಲಿ ಇದ್ದಕ್ಕಿದ್ದಂತೆ ಆ ಹುಡುಗಿಯನ್ನ ಬೇರೆ ರೀತಿ ನೋಡ್ತಾರೆ. ಅದರ ಹಿಂದೆ ಕ್ಯಾನ್ಸರ್ ಬಂದ ಒಬ್ಬ ತಾಯಿ. ಮ್ಯಾಜಿಕ್ಕಿಲ್ಲ, ಯುದ್ಧವಿಲ್ಲ. ಈಜುಕೊಳ, ಪ್ಯಾನ್‌ಕೇಕು, ಅಡುಗೆಮನೆಯಲ್ಲಿ ನಡುರಾತ್ರಿಯ ಮಾತು.

ಇದು ಸುಲಭ ಅಂತ ನಾನೂ ಅಂದುಕೊಂಡಿದ್ದೆ. ಈಗ ಅನ್ನಿಸ್ತಿದೆ, ರಾಕ್ಷಸನನ್ನ ತಂದು ಪುಟ ತಿರುಗಿಸೋದು ಸುಲಭ. ಏನೂ ನಡೆಯದ ಒಂದು ಮಧ್ಯಾಹ್ನದಲ್ಲಿ, ಹುಡುಗ ಒಂದು ಟವೆಲ್ ಎಸೆದ ರೀತಿಗೆ ಹುಡುಗಿಯ ಎದೆ ಯಾಕೆ ಹಾರಿತು ಅಂತ ಹೇಳಿ ಪುಟ ತಿರುಗಿಸೋದಿದೆಯಲ್ಲ, ಅದು ಕಷ್ಟ. ನಂಬಿಕೆ ಇಲ್ಲದಿದ್ರೆ ಇವತ್ತು ರಾತ್ರಿ ಒಂದು ಪುಟ ಬರೆದು ನೋಡಿ. ನಾನು ನೋಡಿದೆ. ಡಿಲೀಟ್ ಮಾಡಿದೆ.

ಒಂದು ವಿಷಯ ಗಮನಿಸಿ, ಮುಂದೆ ಬೇಕಾಗತ್ತೆ. ಆ 2009ರ ಪುಸ್ತಕದ ಬೆಲ್ಲಿ ಏಷ್ಯಾ ಮೂಲದವಳಲ್ಲ. ಕೊರಿಯನ್ ಮನೆಯಲ್ಲಿ ಬೆಳೆದ ಲೇಖಕಿ, ಇಪ್ಪತ್ತೆಂಟು-ಇಪ್ಪತ್ತೊಂಬತ್ತರ ವಯಸ್ಸಿನಲ್ಲಿ (ಅಂದ್ರೆ ಈಗಿನ ನನ್ನ ವಯಸ್ಸಿನಲ್ಲಿ) ತನ್ನ ದೊಡ್ಡ ಪುಸ್ತಕ ಬರೀತಾಳೆ, ಅದರ ನಾಯಕಿಗೆ ತನ್ನ ಮುಖ ಇಲ್ಲ.

ನಡುವೆ ಗೆಳತಿ ಶಿವಾನ್ ವಿವಿಯನ್ ಜೊತೆ ಸೇರಿ 'ಬರ್ನ್ ಫಾರ್ ಬರ್ನ್' ಅಂತ ಸೇಡಿನ ಸರಣಿ ಬರೆದಳು, 2012ರಿಂದ 2014ರವರೆಗೆ ಮೂರು ಪುಸ್ತಕ. ಅದನ್ನ ನಾನು ಓದಿಲ್ಲ, ಹಾರಿಸ್ತೀನಿ.

2014ರಲ್ಲಿ ಬಂದಿದ್ದು 'ಟು ಆಲ್ ದಿ ಬಾಯ್ಸ್ ಐ ಹ್ಯಾವ್ ಲವ್ಡ್ ಬಿಫೋರ್'. ನಾಯಕಿ ಲಾರಾ ಜೀನ್ ಕವಿ. ('ಕವಿ' ಅಂದ್ರೆ ನಮ್ಮ ಕವಿಯಲ್ಲ, ಮನೆತನದ ಹೆಸರು. ಓದುವಾಗ ಪ್ರತಿ ಸಲ ನಗು ಬರ್ತಿತ್ತು.) ಅಮ್ಮ ಕೊರಿಯನ್ ಮೂಲದವಳು, ತೀರಿಕೊಂಡಿದ್ದಾಳೆ. ಅಪ್ಪ ಬಿಳಿಯ, ಡಾಕ್ಟರು. ಅಕ್ಕ ಮಾರ್ಗೋ, ತಂಗಿ ಕಿಟ್ಟಿ. ಲಾರಾ ಜೀನ್‌ಗೆ ಒಂದು ಅಭ್ಯಾಸ: ಯಾರ ಮೇಲಾದ್ರೂ ಮನಸ್ಸಾಗಿ, ಅದರಿಂದ ಹೊರಗೆ ಬರಬೇಕು ಅಂದಾಗ ಅವನಿಗೊಂದು ಪತ್ರ ಬರೀತಾಳೆ. ವಿಳಾಸವನ್ನೂ ಬರೀತಾಳೆ. ಆದರೆ ಕಳಿಸಲ್ಲ, ಅಮ್ಮ ಕೊಟ್ಟ ಟೋಪಿ ಡಬ್ಬಿಯಲ್ಲಿ ಇಡ್ತಾಳೆ. ಅಂಥ ಐದು ಪತ್ರ. ಒಂದು ದಿನ ಐದೂ ಅಂಚೆಗೆ ಹೋಗಿಬಿಡತ್ತೆ. ಅದರಲ್ಲೊಂದು ಅಕ್ಕನ ಹಳೆಯ ಗೆಳೆಯನಿಗೆ! ಯಾರು ಕಳಿಸಿದರು ಅಂತ ಹೇಳಲ್ಲ. ತಂಗಿ ಇರೋ ಮನೆಯವರಿಗೆ ಊಹಿಸೋದು ಕಷ್ಟವೇನಲ್ಲ.

ಹದಿಹರೆಯದಲ್ಲಿ ತಾನೂ ಹೀಗೆ ಕಳಿಸದ ಪತ್ರಗಳನ್ನ ಬರೆಯುತ್ತಿದ್ದೆ ಅಂತ ಜೆನ್ನಿ ಹ್ಯಾನ್ ಹೇಳಿಕೊಂಡಿದ್ದಾಳೆ. ಕತೆ ಮುಂದೆ ಹೋಗೋದು ಒಂದು ಸುಳ್ಳು ಪ್ರೇಮದ ಮೇಲೆ. ಪತ್ರ ಸಿಕ್ಕವರಲ್ಲಿ ಒಬ್ಬ ಪೀಟರ್, ಶಾಲೆಯ ಹೀರೋ. ಅವನಿಗೆ ಹಳೇ ಗೆಳತಿಯ ಹೊಟ್ಟೆ ಉರಿಸಬೇಕು, ಇವಳಿಗೆ ಅಕ್ಕನ ಗೆಳೆಯನಿಂದ ತಪ್ಪಿಸಿಕೊಳ್ಳಬೇಕು. ಇಬ್ಬರೂ ಪ್ರೇಮಿಗಳ ಹಾಗೆ ನಟಿಸೋಣ ಅಂತ ಒಪ್ಪಂದ. ಸಿನಿಮಾದಲ್ಲಂತೂ ಕರಾರುಪತ್ರವನ್ನೇ ಬರೀತಾರೆ: ಮುತ್ತು ಕೊಡುವಂತಿಲ್ಲ, ದಿನಾ ಚೀಟಿ ಬರೀಬೇಕು ಇತ್ಯಾದಿ. ಇಂಟರ್‌ಫೇಸ್ ಮೊದಲು ಬರೆದಿಟ್ಟು, ಒಳಗಿನ ಇಂಪ್ಲಿಮೆಂಟೇಶನ್ ಆಮೇಲೆ ತಾನಾಗಿ ತುಂಬಿಕೊಂಡ ಹಾಗೆ. (ಇಷ್ಟೊತ್ತು ತಡ್ಕೊಂಡಿದ್ದೆ, ಒಂದು ಸಾಫ್ಟ್‌ವೇರ್ ಹೋಲಿಕೆ ಬಂದೇಬಿಡ್ತು, ಕ್ಷಮಿಸಿ.)

ಸುಳ್ಳು ಪ್ರೇಮ ನಿಜವಾಗೋದು ಹಳೇ ತಂತ್ರ. ಈ ಪುಸ್ತಕದಲ್ಲಿ ನನ್ನನ್ನ ಹಿಡಿದಿದ್ದು ಅದಲ್ಲ, ಆ ಮನೆ. ಅಮ್ಮ ಇಲ್ಲದ ಮನೆಯಲ್ಲಿ ಮೂವರು ಹೆಣ್ಣುಮಕ್ಕಳು ಕೆಲಸ ಹಂಚಿಕೊಳ್ಳುವ ರೀತಿ, ಅಕ್ಕ ದೂರದ ಸ್ಕಾಟ್ಲೆಂಡಿಗೆ ಓದೋಕೆ ಹೋದಾಗ ನಡುವಿನವಳ ಹೆಗಲಿಗೆ ಬೀಳುವ ಭಾರ, ಹೆಂಡತಿಯ ಊರಿನ ಅಡುಗೆ ಮಕ್ಕಳಿಗೆ ಮರೆಯದಿರಲಿ ಅಂತ ಒದ್ದಾಡುವ ಅಪ್ಪ. ಪ್ರೇಮದ ಕಾಗದ ಸುತ್ತಿದ ಪೊಟ್ಟಣದೊಳಗೆ ಇದೆಲ್ಲ ಇರತ್ತೆ. ನಾನು ನೋಟ್‌ಬುಕ್ಕಿನ ಮೊದಲ ಹತ್ತು ಪುಟಕ್ಕೇ ಕೆಳಗಿಟ್ಟೆನಲ್ಲ, ಒಳಗೇನಿತ್ತೋ.

ಈ ಪುಸ್ತಕದ ಮುಖಪುಟದಲ್ಲಿ ಏಷ್ಯನ್ ಹುಡುಗಿಯ ಫೋಟೋ ಇತ್ತು. ನಮಗೆ ಇದೇನು ಮಹಾ ಅನ್ನಿಸಬಹುದು. ಅಲ್ಲಿನ ಪುಸ್ತಕದಂಗಡಿಯ ಆ ಕಪಾಟಿನಲ್ಲಿ ಅಂಥ ಮುಖಪುಟಗಳು ಎಷ್ಟು ಕಡಿಮೆ ಇದ್ದವು ಅಂತ ಗೊತ್ತಾದ್ರೆ ಮಹಾ ಅನ್ನಿಸತ್ತೆ.

ಆಮೇಲೆ ಬಂತು ಸಿನಿಮಾ ಮಂದಿ. ಇಲ್ಲಿಂದ ನನ್ನ ಅಭಿಪ್ರಾಯ ಬದಲಾಗ್ತಾ ಹೋಯಿತು. ಪುಸ್ತಕವನ್ನ ಸಿನಿಮಾ ಮಾಡ್ತೀವಿ ಅಂತ ಬಂದವರಲ್ಲಿ ಹೆಚ್ಚಿನವರಿಗೆ ಕತೆ ಬೇಕಿತ್ತು, ಆ ಹುಡುಗಿಯ ಮುಖ ಬೇಡವಾಗಿತ್ತು. ಬಿಳಿಯ ನಟಿಯನ್ನ ಹಾಕೋಣ, ಕತೆಗೂ ಜನಾಂಗಕ್ಕೂ ಸಂಬಂಧ ಏನಿದೆ ಅನ್ನೋ ವಾದ. ಪಾತ್ರದ ಸ್ಪಿರಿಟ್ ಹಿಡಿಯುವ ನಟಿ ಇದ್ದರೆ ಸಾಕಲ್ಲ ಅಂತ ಒಬ್ಬ ನಿರ್ಮಾಪಕ ಹೇಳಿದಾಗ, ಅವಳ ಸ್ಪಿರಿಟ್ಟೇ ಏಷ್ಯನ್-ಅಮೆರಿಕನ್ ಅಂತ ಈಕೆ ಉತ್ತರ ಕೊಟ್ಟಳಂತೆ. ಮಾತುಕತೆ ಅಲ್ಲಿಗೇ ಮುಗಿಯಿತು. ಇದನ್ನ ಅವಳೇ 2018ರಲ್ಲಿ ನ್ಯೂಯಾರ್ಕ್ ಟೈಮ್ಸ್‌ಗೆ ಬರೆದ ಲೇಖನದಲ್ಲಿ ಹೇಳಿದ್ದಾಳೆ. ನಾಯಕಿ ಏಷ್ಯನ್ನೇ ಇರಲಿ ಅಂತ ಒಪ್ಪಿದ್ದು ಒಂದೇ ಒಂದು ನಿರ್ಮಾಣ ಸಂಸ್ಥೆಯಂತೆ. ಅವರಿಗೇ ಕೊಟ್ಟಳು.

ಈ ಜಾಗದಲ್ಲಿ ಸ್ವಲ್ಪ ನಿಲ್ಲಬೇಕು. ಹೇಳೋಕೆ ಸುಲಭ, "ತತ್ವಕ್ಕೆ ಅಂಟಿಕೊಂಡಳು" ಅಂತ. ಪುಸ್ತಕ ಬರೆದು ಬದುಕುವವರಿಗೆ ಸಿನಿಮಾದವರ ಫೋನ್ ಬರೋದು ದಿನಾ ನಡೆಯೋ ವಿಷಯ ಅಲ್ಲ. ಬಂದ ಫೋನಿಗೆ "ಬೇಡ" ಅಂದರೆ ಇನ್ನೊಂದು ಬರತ್ತೆ ಅನ್ನೋ ಗ್ಯಾರಂಟಿ ಯಾರೂ ಕೊಡಲ್ಲ. ನಾವು ಸಂಬಳದ ಜನ, ಮ್ಯಾನೇಜರ್ ಹೇಳಿದ ಡೆಡ್‌ಲೈನ್‌ಗೇ "ಆಗಲ್ಲ" ಅನ್ನೋಕೆ ಬೆವರು ಬರತ್ತೆ. ಸ್ವೀಟ್ ಸ್ವೀಟ್ ಪ್ರೇಮಕತೆ ಬರೆಯೋಳು ಅಂತ ಯಾರನ್ನ ಲಘುವಾಗಿ ನೋಡ್ತಿದ್ದೆನೋ, ಅವಳು ಅಷ್ಟು ಸಲ ಬೇಡ ಅಂದಿದ್ದಳು.

ಸಿನಿಮಾ ನೆಟ್‌ಫ್ಲಿಕ್ಸ್‌ನಲ್ಲಿ ಬಂದಿದ್ದು 2018ರ ಆಗಸ್ಟ್ 17ಕ್ಕೆ. ಅದೇ ವಾರ ಚಿತ್ರಮಂದಿರಗಳಿಗೆ 'ಕ್ರೇಜಿ ರಿಚ್ ಏಷಿಯನ್ಸ್' ಬಂದಿತ್ತು. ಲಾನಾ ಕಾಂಡೋರ್ ನಾಯಕಿ, ನೋವಾ ಸೆಂಟಿನಿಯೋ ನಾಯಕ, ಸೂಸನ್ ಜಾನ್ಸನ್ ನಿರ್ದೇಶನ. ತಮ್ಮಲ್ಲಿ ಅತಿ ಹೆಚ್ಚು ನೋಡಲ್ಪಟ್ಟ ಚಿತ್ರಗಳಲ್ಲಿ ಅದೂ ಒಂದು, ಜನ ಮತ್ತೆ ಮತ್ತೆ ನೋಡ್ತಿದ್ದಾರೆ ಅಂತ ನೆಟ್‌ಫ್ಲಿಕ್ಸ್ ತನ್ನ ಷೇರುದಾರರಿಗೆ ಹೇಳಿತು. ಆ 'ಮತ್ತೆ ಮತ್ತೆ' ಅನ್ನೋದು ಮುಖ್ಯ. ಅಂತ್ಯ ಗೊತ್ತಿದ್ದೂ ನೋಡೋದು. ಅಮ್ಮ 'ಬಂಧನ' ಸಿನಿಮಾವನ್ನ ಎಷ್ಟು ಸಲ ನೋಡಿಲ್ಲ? 2020 ಮತ್ತು 2021ರ ಫೆಬ್ರವರಿಗಳಲ್ಲಿ ಎರಡನೇ, ಮೂರನೇ ಚಿತ್ರಗಳೂ ಬಂದವು. ನನಗೆ ಎರಡನೆಯದು ಅಷ್ಟಕ್ಕಷ್ಟೇ.

ಹಾಗಂತ ಎಲ್ಲಾ ಸರಿ ಇದೆ ಅಂತ ಅಲ್ಲ. ಲಾರಾ ಜೀನ್ ಪತ್ರ ಬರೆದ ಐದು ಹುಡುಗರಲ್ಲಿ ಒಬ್ಬನೂ ಏಷ್ಯನ್ ಇಲ್ಲ ಅಂತ ಆಗಲೇ ಬಹಳ ಜನ ಕೇಳಿದ್ದರು. ನ್ಯಾಯವಾದ ಪ್ರಶ್ನೆ. ನಾಯಕಿಗೆ ಮುಖ ಕೊಡಿಸೋಕೆ ಅಷ್ಟು ಹೋರಾಡಿದವಳು ನಾಯಕನ ವಿಷಯದಲ್ಲಿ ಯಾಕೆ ಬಿಟ್ಟಳು? ಇನ್ನೊಂದು, ಇವಳ ಕತೆಗಳಲ್ಲಿ ದುಡ್ಡಿನ ಚಿಂತೆ ಕಡಿಮೆ. ಕಡಲ ದಂಡೆಯ ಆ ಮನೆಯ ಈಎಂಐ ಯಾರು ಕಟ್ತಾರೆ ಅಂತ ನನ್ನ ತಲೆಯಲ್ಲಿ ಓಡ್ತಾನೇ ಇತ್ತು. ಬೆಲ್ಲಿ ಅಂತೂ, ಮೂರನೇ ಪುಸ್ತಕದ ಹೊತ್ತಿಗೆ, ಕೈ ಹಿಡಿದು ಕೂರಿಸಿ ಎರಡು ಮಾತು ಹೇಳಬೇಕು ಅನ್ನಿಸುವಷ್ಟು ಗೋಳು ಹುಯ್ಕೊಳ್ತಾಳೆ. ಇದನ್ನ ಸೋಫಾದಲ್ಲಿ ಹೇಳಿದ್ದಕ್ಕೆ ನಾಲ್ಕೂ ಜನ ಪಕ್ಷಭೇದ ಮರೆತು ನನ್ನ ಮೇಲೆ ಬಿದ್ದರು.

ಈಗ ಮೊದಲು ಹೇಳಿದ ಬೆಲ್ಲಿಯ ಮುಖದ ವಿಷಯಕ್ಕೆ ಬರ್ತೀನಿ. 2022ರ ಜೂನ್‌ನಲ್ಲಿ ಪ್ರೈಮ್‌ನಲ್ಲಿ ಧಾರಾವಾಹಿ ಶುರುವಾದಾಗ ಜೆನ್ನಿ ಹ್ಯಾನ್ ಬರೀ ಮೂಲ ಲೇಖಕಿ ಆಗಿರಲಿಲ್ಲ, ಶೋರನ್ನರ್ ಕುರ್ಚಿಯಲ್ಲೂ ಕೂತಿದ್ದಳು, ಇನ್ನೊಬ್ಬರ ಜೊತೆ ಹಂಚಿಕೊಂಡು. ಶೋರನ್ನರ್ ಅಂದ್ರೆ ನಮ್ಮ ಧಾರಾವಾಹಿಗಳ ಲೆಕ್ಕದಲ್ಲಿ ನಿರ್ದೇಶಕನಿಗಿಂತ ಮೇಲಿನವನು. ಬರಹಗಾರರ ಕೋಣೆ ನಡೆಸೋದು, ನಟರನ್ನ ಆರಿಸೋದು, ಯಾವ ಹಾಡು ಎಲ್ಲಿ ಬರಬೇಕು, ಎಡಿಟಿಂಗ್‌ನಲ್ಲಿ ಯಾವುದು ಉಳಿಯಬೇಕು ಎಲ್ಲದಕ್ಕೂ ಕೊನೇ ಮಾತು ಅವರದು. ಮರ್ಜ್ ಮಾಡೋ ಅಧಿಕಾರ ಇರೋರು ಅನ್ನಿ. ಆ ಕುರ್ಚಿಯಲ್ಲಿ ಕೂತು ಅವಳು ಮಾಡಿದ ಮೊದಲ ಕೆಲಸಗಳಲ್ಲಿ ಒಂದು, ತನ್ನದೇ ಪುಸ್ತಕವನ್ನ ತಿದ್ದಿದ್ದು. ಬೆಲ್ಲಿಯ ಪಾತ್ರಕ್ಕೆ ಲೋಲಾ ಟಂಗ್, ಅಮ್ಮ ಲಾರೆಲ್ ಪಾತ್ರಕ್ಕೆ ಜಾಕಿ ಚಂಗ್. 2009ರಲ್ಲಿ ಇಲ್ಲದ ಮುಖ 2022ರಲ್ಲಿ ಬಂತು. ಹದಿಮೂರು ವರ್ಷ ಬೇಕಾಯಿತು, ನಡುವೆ ಲಾರಾ ಜೀನ್ ಬೇಕಾಯಿತು, ಅಷ್ಟೊಂದು "ಬೇಡ"ಗಳು ಬೇಕಾದವು. ಬೇರೆಯವರು ಅವಳ ಪುಸ್ತಕ ತಿದ್ದಿದ್ದರೆ ನಾವು ಕೂಗಾಡ್ತಿದ್ದೆವು. ಅವಳೇ ತಿದ್ದಿದಾಗ ಅದು ಬಾಕಿ ಉಳಿದಿದ್ದ ಕೆಲಸ ಮುಗಿಸಿದ ಹಾಗಿತ್ತು.

ಇದನ್ನ ಓದುವಾಗ ನನಗೆ ತ್ರಿವೇಣಿ ನೆನಪಾದರು. ನೆನಪಾಗದೆ ಇರತ್ತಾ, ನಮ್ಮನೆ ಅಟ್ಟದ ಮೇಲಿನ ಟ್ರಂಕಿನ ತುಂಬಾ ಅವರೇ ಇದ್ದರು, ಅಜ್ಜಿಯ ಕಾಲದಿಂದ. ಸುಮಾರು ಇಪ್ಪತ್ತು ಕಾದಂಬರಿ ಬರೆದು 1963ರಲ್ಲಿ ತೀರಿಕೊಂಡಾಗ ಅವರಿಗೆ ಇನ್ನೂ ಮೂವತ್ತೈದು ತುಂಬಿರಲಿಲ್ಲ. ಪುಟ್ಟಣ್ಣ ಕಣಗಾಲ್ 'ಬೆಳ್ಳಿಮೋಡ' ಮಾಡಿದ್ದು 1967ರಲ್ಲಿ, 'ಶರಪಂಜರ' ಎಪ್ಪತ್ತರ ದಶಕದ ಶುರುವಿನಲ್ಲಿ. ಎರಡನ್ನೂ ತ್ರಿವೇಣಿ ನೋಡಲಿಲ್ಲ. ಕಲ್ಪನಾ ಮುಖದಲ್ಲಿ ತನ್ನ ಕಾವೇರಿಯನ್ನ ನೋಡಿ "ಇದು ಸರಿ, ಅದು ಹಾಗಲ್ಲ" ಅನ್ನೋ ಅವಕಾಶವೇ ಆ ಹೆಣ್ಣುಮಗಳಿಗೆ ಸಿಗಲಿಲ್ಲ. ಎರಡು ದೇಶ, ಎರಡು ಕಾಲ, ಎರಡು ಥರದ ಬರವಣಿಗೆ. ಹೋಲಿಸೋಕೆ ಹೊರಟಿಲ್ಲ. ಆದರೆ "ಹೆಂಗಸರ ಕಾದಂಬರಿ" ಅನ್ನೋ ಮಾತನ್ನ ನಮ್ಮ ಮನೆಯಲ್ಲೂ ಯಾರೋ ಗಂಡಸರು ಅಟ್ಟದ ಕಡೆ ಕೈ ತೋರಿಸಿ ಹೇಳಿದ್ದು ಕೇಳಿದ್ದೇನೆ. ಅದೇ ಮಾತನ್ನ ನಾನು ಸೋಫಾ ಕಡೆ ಕೈ ತೋರಿಸಿ ಹೇಳಿದೆ. ಗಂಡು ಹುಡುಗರು ರಾತ್ರಿಯೆಲ್ಲ ಕೂತು ಇಪ್ಪತ್ತೆರಡು ಜನ ಚೆಂಡಿನ ಹಿಂದೆ ಓಡೋದನ್ನ ನೋಡಿ ಅಳಬಹುದು, ಅದು ಪ್ಯಾಶನ್. ಹುಡುಗಿಯರು ಬೆಲ್ಲಿಗೋಸ್ಕರ ಅತ್ತರೆ ಅದು ಕಸ. ಇದಕ್ಕೆ ನನ್ನ ಹತ್ತಿರ ಸಮರ್ಥನೆ ಏನೂ ಇಲ್ಲ, ಹುಡುಕಿದೆ, ಸಿಗಲಿಲ್ಲ.

ನನ್ನ ಟೀಮಿನಲ್ಲಿ ಒಬ್ಬರು ಹಿರಿಯ ಟೆಸ್ಟರ್ ಇದ್ದಾರೆ, ನಲವತ್ತರ ಆಸುಪಾಸು, ಇಬ್ಬರು ಮಕ್ಕಳು. ಬಗ್ ವರದಿಯಲ್ಲಿ ಒಂದು ಅಲ್ಪವಿರಾಮ ತಪ್ಪಿದರೂ ಬಿಡದವರು. ಊಟಕ್ಕೆ ಕೂತಾಗ ಸುಮ್ಮನೆ ಈ ಧಾರಾವಾಹಿಯ ಹೆಸರೆತ್ತಿದೆ. ಅವರು ಅತ್ತಿತ್ತ ನೋಡಿ, ದನಿ ತಗ್ಗಿಸಿ, "ಕಾನ್ರಾಡ್" ಅಂದರು. ಹದಿಹರೆಯದವರ ಪುಸ್ತಕ ಕೊಳ್ಳುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಹದಿನೆಂಟು ದಾಟಿದವರೇ ಅಂತ ಅಮೆರಿಕದಲ್ಲಿ 2012ರಲ್ಲೇ ಒಂದು ಸಮೀಕ್ಷೆ ಹೇಳಿತ್ತು. ಆ ದನಿ ತಗ್ಗಿಸಿದ್ದು ಮಾತ್ರ ನನಗೆ ಬೇಜಾರಾಯಿತು. ಯಾರಿಗೆ ಹೆದರಿ? ನನ್ನಂಥವರಿಗೇ ತಾನೆ.

ಅಧಿಕಾರ ಕೈಗೆ ಬಂದಮೇಲೆ ಅದರ ಹಿಂದೆ ಬರೋದೂ ಬರತ್ತೆ. ಮೂರನೇ ಸೀಸನ್ 2025ರ ಜುಲೈ 16ಕ್ಕೆ ಶುರುವಾಗಿ ಸೆಪ್ಟೆಂಬರ್ 17ಕ್ಕೆ ಮುಗಿಯಿತು, ಹನ್ನೊಂದು ಕಂತು. ಪುಸ್ತಕದ ಅಂತ್ಯ 2011ರಿಂದಲೇ ಎಲ್ಲರಿಗೂ ಗೊತ್ತು. ಅಂಗಡಿಯಲ್ಲಿ ಸಿಗತ್ತೆ, ಕೊನೇ ಪುಟ ತಿರುಗಿಸಿದರೆ ಮುಗೀತು. ಆದರೂ ಟೀವಿಯಲ್ಲಿ ಅದೇ ಆಗತ್ತೆ ಅಂತ ಅವಳು ಕೊನೆವರೆಗೂ ಬಾಯಿಬಿಡಲಿಲ್ಲ. ಹತ್ತು ವಾರ ಜಗತ್ತಿನ ಹುಡುಗಿಯರೆಲ್ಲ (ಮತ್ತು ನಮ್ಮ ಟೆಸ್ಟರ್) ಉಸಿರು ಬಿಗಿಹಿಡಿದು ಕೂತರು. ಕೆಲವರ ಅಭಿಮಾನ ಮಿತಿಮೀರಿ, ನಟರನ್ನೇ ಬೈದು ಕಾಡಿಸೋಕೆ ಹೋದರು. ಕತೆ ನಿಜ ಅಲ್ಲ, ಆದರೆ ಪಾತ್ರ ಮಾಡ್ತಿರೋರು ನಿಜವಾದ ಮನುಷ್ಯರು ಅಂತ ಧಾರಾವಾಹಿಯ ಅಧಿಕೃತ ಖಾತೆಯೇ ತಿಳಿಹೇಳಬೇಕಾಯಿತು. ನಮ್ಮಲ್ಲಿ ಸ್ಟಾರ್ ಅಭಿಮಾನಿಗಳ ಜಗಳ ನೋಡಿದವರಿಗೆ ಇದು ಹೊಸದಲ್ಲ ಬಿಡಿ. ಕೊನೇ ಕಂತಿನ ಬೆನ್ನಲ್ಲೇ ಇನ್ನೊಂದು ಸಿನಿಮಾ ಇದೆ ಅಂತ ಪ್ರಕಟಣೆಯೂ ಬಂತು, ಬರೆದು ನಿರ್ದೇಶಿಸೋದು ಅವಳೇ.

ನನ್ನ ಒಂದೇ ತಕರಾರು ಇಲ್ಲಿದೆ. 2017ರಲ್ಲಿ ಲಾರಾ ಜೀನ್‌ಳ ಮೂರನೇ ಪುಸ್ತಕ ಬಂದಮೇಲೆ ಅವಳ ವರ್ಷಗಳೆಲ್ಲ ಬಹುಪಾಲು ತೆರೆಗೇ ಹೋಗಿವೆ. ಕಿಟ್ಟಿಯನ್ನ ಇಟ್ಟುಕೊಂಡು 2023ರಲ್ಲಿ ನೆಟ್‌ಫ್ಲಿಕ್ಸ್‌ಗೆ 'ಎಕ್ಸ್‌ಓ, ಕಿಟ್ಟಿ' ಮಾಡಿದಳು, ಕಿಟ್ಟಿ ಅಮ್ಮ ಓದಿದ ಸಿಯೋಲ್‌ನ ಶಾಲೆಗೆ ಹೋಗುವ ಕತೆ. (ಅಲ್ಲಿ ಏಷ್ಯನ್ ಹುಡುಗರಿಗೆ ಬರ ಇಲ್ಲ. 2018ರ ಪ್ರಶ್ನೆಗೆ ಅದೂ ಒಂದು ಉತ್ತರವಿರಬಹುದು.) ಒಳ್ಳೇ ಕೋಡ್ ಬರೀತಿದ್ದವರನ್ನ ಮ್ಯಾನೇಜರ್ ಮಾಡಿ, ಆಮೇಲೆ ಅವರು ಎಕ್ಸೆಲ್ ಶೀಟ್ ಮಾತ್ರ ತೆರೆಯೋದನ್ನ ನಾವೆಲ್ಲ ನೋಡಿದ್ದೀವಿ. ತನ್ನ ಕತೆಯನ್ನ ತಾನೇ ಕಾಯಬೇಕು ಅಂದ್ರೆ ಬೆಲೆ ಇದೇನಾ? ಕಾಯೋಕೆ ಹೋದರೆ ಬರೆಯೋಕೆ ಸಮಯ ಇರಲ್ಲ, ಬರೀತಾ ಕೂತರೆ ಬೇರೆ ಯಾರೋ ಮುಖ ಬದಲಿಸಿಬಿಡ್ತಾರೆ. ಅವಳ ಜಾಗದಲ್ಲಿ ನಾನಿದ್ದರೆ ಏನು ಮಾಡ್ತಿದ್ದೆ ಗೊತ್ತಿಲ್ಲ. ಟವೆಲ್ ಎಸೆಯುವ ಆ ಪುಟಗಳು ಮಾತ್ರ ಕ್ಯಾಮೆರಾಗೆ ಪೂರ್ತಿ ಸಿಕ್ಕಿಲ್ಲ ಅನ್ನೋದು ನನ್ನ ಅನಿಸಿಕೆ. ಅವು ಓದುವವನ ತಲೆಯೊಳಗೇ ನಡೆಯಬೇಕು.

ಇಷ್ಟೆಲ್ಲ ಓದಿದ ಮೇಲೆ ಹೋದ ಭಾನುವಾರ ಧೈರ್ಯ ಮಾಡಿ ತಂಗಿಯನ್ನ ಕೇಳಿದೆ, "ಆ ಬಸ್ಸಿನ ಹುಡುಗಿ ಕತೆ ಇದೆಯಾ ಇನ್ನೂ?"

ಅವಳು ಕಾಳು ಬಿಡಿಸ್ತಾ ಇದ್ದಳು. "ಇದೆ" ಅಂದಳು.

"ಎಷ್ಟಾಯ್ತು?"

"ಇನ್ನೂರ ಹತ್ತು ಪುಟ."

ನನಗೆ ಸ್ವಲ್ಪ ಹೊತ್ತು ಮಾತೇ ಹೊರಡಲಿಲ್ಲ. ಮೂರು ವರ್ಷ, ಅದೇ ಮನೆ, ಪಕ್ಕದ ರೂಮು. ನನ್ನ ಕೀಬೋರ್ಡಿನ ಸದ್ದಿನ ಆಚೆ ಅವಳು ಬರೀತಾನೇ ಇದ್ದಳು.

"ಕೊಡ್ತೀಯಾ? ಈ ಸಲ ಪೂರ್ತಿ ಓದ್ತೀನಿ."

"ಮುಗಿದ್ಮೇಲೆ ನೋಡೋಣ. ಮೊದ್ಲು ಅಮ್ಮಂಗೆ, ಆಮೇಲೆ ನನ್ನ ಫ್ರೆಂಡ್ಸ್‌ಗೆ. ನೀನು ಐದನೇಯವನು" ಅಂದಳು. ಅವರೇಕಾಯಿ ಬುಟ್ಟಿಯನ್ನ ನನ್ನ ಕಡೆ ತಳ್ಳಿ, "ಸುಮ್ನೆ ಕೂತಿದೀಯಲ್ಲ, ಬಿಡ್ಸು" ಅಂದಳು.